ಕೈಯಲ್ಲಿದ್ದ ಕಪ್ಪೆ

ನನ್ನ ಓರಗಿತ್ತಿಯನ್ನು ಗೋಂದಜ್ಜನ ಅಂಗಡಿಗೆ ಮೊದಲು ಕರೆದುಕೊಂಡು ಹೋದವಳು ನಾನೇ. ಯಾರನ್ನೂ ದೂರುವ ಹಾಗಿಲ್ಲ. ಆವತ್ತು ಅವಳಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ, ನನಗೆ ಚೀಲ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು.

ಗೋಂದಜ್ಜ ಪುಸ್ತಕಗಳಿಗೆ ಬೈಂಡು ಹಾಕುವವನು. ಬೆನ್ನು ಮುರಿದ, ಗೆದ್ದಲು ತಿಂದ ಮಕ್ಕಳ ಕಥೆಪುಸ್ತಕಗಳನ್ನು ಗುಜರಿಯಿಂದ ತಂದು, ಅವುಗಳಲ್ಲಿ ಉಳಿದ ಬಣ್ಣದ ಚಿತ್ರಗಳನ್ನು ಹುಷಾರಾಗಿ ಬಿಡಿಸಿ ಮಾರುತ್ತಾನೆ. ರಾಕ್ಷಸರು, ರಾಜಕುಮಾರಿಯರು, ಮಾತಾಡುವ ಮೀನುಗಳು. ಕೊಳ್ಳುವವರು ನಾವೊಂದಿಷ್ಟು ತಲೆಕೆಟ್ಟ ಜನ. ಹಿಂದೊಮ್ಮೆ ಇಬ್ಬರು ಒಂದೇ ಚಿತ್ರಕ್ಕೆ ಕೈಹಾಕಿ, ಎಳೆದಾಡಿ, ಪಾಪ ಒಬ್ಬ ರಾಜಕುಮಾರನನ್ನು ಸೊಂಟದ ಹತ್ತಿರ ಎರಡು ತುಂಡು ಮಾಡಿದರು. ಅಂದಿನಿಂದ ಅಜ್ಜನದೊಂದು ಕಟ್ಟಳೆ. ಒಬ್ಬರ ಕೈಯಲ್ಲಿರುವ ಚಿತ್ರವನ್ನು ಇನ್ನೊಬ್ಬರು ಕೇಳಬಾರದು. ಕೈಯಲ್ಲಿ ಒಂದೇ ಇರಬೇಕು. ಬೇರೆಯದು ಬೇಕೆಂದರೆ ಇದನ್ನು ಮೇಜಿನ ಮೇಲೆ ಇಡಬೇಕು, ಇಟ್ಟವರು ಅದನ್ನು ಮತ್ತೆ ಮುಟ್ಟುವ ಹಾಗಿಲ್ಲ. ವ್ಯಾಪಾರದ ಮಾತು ಹೊಸದಾಗಿ ಬಂದ ಚಿತ್ರಗಳ ಕಟ್ಟನ್ನು ಪೂರ್ತಿ ಬಿಚ್ಚಿದ ಮೇಲೆಯೇ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಚಿತ್ರ. ಕಳೆದುಹೋದ ತಂಗಿಯನ್ನು ಹುಡುಕಿಕೊಂಡು ನದಿಯ ತಳಕ್ಕಿಳಿಯುವ ಹುಡುಗಿಯ ಕಥೆಯ ಕೊನೆಯ ಚಿತ್ರ. ಚಿಕ್ಕಂದಿನಲ್ಲಿ ನನಗೆ ಸಿಕ್ಕ ಪುಸ್ತಕದಲ್ಲಿ ಆ ಹಾಳೆಯನ್ನು ಯಾರೋ ಪುಣ್ಯಾತ್ಮರು ಕಿತ್ತುಕೊಂಡಿದ್ದರು. ಹುಡುಗಿ ತಂಗಿಯನ್ನು ಕರೆತಂದು ಬಾಗಿಲು ತಟ್ಟುತ್ತಾಳೆ, ಅಮ್ಮ ಬಾಗಿಲು ತೆಗೆಯುತ್ತಾಳೆ, ಅಕ್ಷರದಲ್ಲಿರುವುದು ಇಷ್ಟೇ. ಅಮ್ಮ ಮೊದಲು ಯಾರನ್ನು ತಬ್ಬಿಕೊಂಡಳು, ಕಳೆದುಹೋದವಳನ್ನೋ ಹುಡುಕಿ ತಂದವಳನ್ನೋ, ಅದು ಚಿತ್ರದಲ್ಲೇ ಇರಬೇಕು. ಉಳಿದ ಚಿತ್ರಗಳನ್ನೆಲ್ಲ ಕೂಡಿಹಾಕಿದ್ದೇನೆ. ಅದೊಂದು ಸಿಕ್ಕಿರಲಿಲ್ಲ.

ಓರಗಿತ್ತಿಗೆ ಇಂಥ ಯಾವ ಸಂಕಟವೂ ಇಲ್ಲ. ಗೋಡೆ ತುಂಬಿದರೆ ಸಾಕು. ಆದರೂ ಒಳ್ಳೊಳ್ಳೆಯ ಚಿತ್ರಗಳು ಅವಳ ವಿಳಾಸ ಕೇಳಿಕೊಂಡು ಬರುತ್ತವೆ. ನಾನು ವರ್ಷಗಟ್ಟಲೆ ಧೂಳು ಕುಡಿದ ಅಂಗಡಿಯಲ್ಲಿ ಅವಳಿಗೆ ಮೊದಲ ದಿನವೇ ಕಪ್ಪೆ ದರ್ಜಿ ಸಿಕ್ಕಿತು. ಕನ್ನಡಕ ಹಾಕಿದ ಕಪ್ಪೆಯೊಂದು ಸ್ಟೂಲ್ ಹತ್ತಿ ರಾಣಿಯ ಅಳತೆ ತೆಗೆಯುತ್ತಿರುವ ಚಿತ್ರ. ಅವಳ ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ಬಾಯಿ ತುಂಬ ಹೊಗಳುತ್ತಾರೆ. ಅತ್ತೆ ಇರುವುದು ಅವಳ ಜೊತೆ, ಸೊಸೆಯನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ನನ್ನ ಮನೆಗೆ ಬಂದರೆ ಮಾತ್ರ, ಚಿತ್ರಗಳ ನಡುವೆ ಸಂದು ಹುಡುಕಿ, ಇಲ್ಲಿ ಬಣ್ಣ ಉದುರಿದೆ, ಪೇಂಟರನ್ನು ಕರೆಸು ಎನ್ನುತ್ತಾರೆ. ಹೊಟ್ಟೆ ಉರಿಯುತ್ತದೆ. ಉರಿಯದೆ ಇರಲು ನಾನೇನು ಕಲ್ಲೇ?

ಕಪ್ಪೆ ದರ್ಜಿಗೆ ಒಂದು ಜೋಡಿಯಿದೆ. ಅದೇ ಕಪ್ಪೆ ಬೆಳದಿಂಗಳಲ್ಲಿ ಕೂತು ರಾಣಿಯ ಅಂಗಿ ಹೊಲಿಯುವುದು. ಅದೊಂದು ಸಿಕ್ಕಿಬಿಟ್ಟರೆ ಸಾಕಪ್ಪಾ ಎಂದು ಓರಗಿತ್ತಿ ಫೋನಿನಲ್ಲಿ ಜಪ ಮಾಡುತ್ತಲೇ ಇದ್ದಳು.

ಹೋದ ತಿಂಗಳು ಹೊಸ ಕಟ್ಟು ಬಿಚ್ಚುವ ದಿನ, ನಾನು ಕೆಲಸ ಮಾಡುವ ಲ್ಯಾಬಿಗೆ ರಕ್ತ ಕೊಡಲು ಬಂದವರನ್ನು ಜೊತೆಯವಳಿಗೆ ಒಪ್ಪಿಸಿ ಓಡಿದೆ. ಅಂಗಡಿಯಲ್ಲಿ ಹಲ್ಲಿನ ಡಾಕ್ಟರು ಒಬ್ಬರೇ ಇದ್ದರು. ಅವರು ಕೊಳ್ಳುವುದು ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳ ಅಳು ನಿಲ್ಲಿಸಲು. ಅಜ್ಜ ಹಗ್ಗ ಬಿಚ್ಚಿ ಚಿತ್ರಗಳನ್ನು ಒಂದೊಂದಾಗಿ ಹರಡತೊಡಗಿದ. ಅಂಗಿ ಹೊಲಿಯುವ ಕಪ್ಪೆ ಮೇಲೆ ಬಂತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಓರಗಿತ್ತಿಯ ಚಪ್ಪಲಿಯ ಸದ್ದು ಕೇಳಿಸಿತು. ನಾನು ಕಪ್ಪೆಯನ್ನು ಎತ್ತಿಕೊಂಡೆ.

ಬೇಕಾಗಿ ಎತ್ತಿದ್ದಲ್ಲ, ಅವಳಿಗೆ ಸಿಗಬಾರದೆಂದು ಎತ್ತಿದ್ದು. ಒಳಗೆ ಬಂದವಳು ನನ್ನ ಕೈ ನೋಡಿದಳು, ಮುಖ ಸಪ್ಪಗಾಯಿತು. ಕಟ್ಟಳೆ ಗೊತ್ತಿದ್ದರಿಂದ ಕೇಳದೆ ಪಕ್ಕದಲ್ಲಿ ಕೂತಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಭೂತಗನ್ನಡಿ ತೆಗೆದು ಕಪ್ಪೆಯ ಸೂಜಿ, ದಾರ, ಕಾಲ್ಬೆರಳುಗಳನ್ನೆಲ್ಲ ಸಾವಕಾಶವಾಗಿ ನೋಡಿದೆ.

ಆಗ ಅಜ್ಜ ಮೇಜಿನ ಮೇಲೆ ಇನ್ನೊಂದು ಚಿತ್ರ ಇಟ್ಟ. ನನಗೆ ತಲೆಕೆಳಗಾಗಿತ್ತು, ಬಣ್ಣ ಕೆಡದಂತೆ ಮೇಲೆ ಹೊದಿಸಿದ ತೆಳು ಕಾಗದವೂ ಅರ್ಧ ಹಾಗೇ ಅಂಟಿಕೊಂಡಿತ್ತು. ಆದರೆ ಆ ಹುಡುಗಿಯ ಒದ್ದೆ ಲಂಗ ನನಗೆ ಗುರುತು ಸಿಗದೆ ಇರುತ್ತದೆಯೇ? ತೆರೆದ ಬಾಗಿಲು. ಹೊಸ್ತಿಲ ಮೇಲೆ ಅಮ್ಮನ ಪಾದ. ಮುಖಗಳೆಲ್ಲ ಕಾಗದದ ಅಡಿಯಲ್ಲಿದ್ದವು.

ಕಪ್ಪೆಯನ್ನು ಕೆಳಗಿಟ್ಟು ಕೈಚಾಚಿದರೆ ಮುಗಿಯಿತು. ಆದರೆ ಇಟ್ಟ ತಕ್ಷಣ ಓರಗಿತ್ತಿ ಅದನ್ನು ಎತ್ತಿಕೊಳ್ಳುತ್ತಾಳೆ, ಅವಳ ಗೋಡೆಯ ಮೇಲೆ ಜೋಡಿ ಕೂಡುತ್ತದೆ, ಅತ್ತೆ ಊರಿಗೆಲ್ಲ ಡಂಗುರ ಸಾರುತ್ತಾರೆ. ಬೆರಳುಗಳು ಬಿಡಲಿಲ್ಲ. ನನ್ನವೇ ಬೆರಳುಗಳು, ನನ್ನ ಮಾತು ಕೇಳಲಿಲ್ಲ.

ಡಾಕ್ಟರು ಆ ಚಿತ್ರವನ್ನು ಎತ್ತಿಕೊಂಡರು. ಕಟ್ಟು ಮುಗಿಯುವವರೆಗೆ ಕೆಳಗಿಡಲಿಲ್ಲ. ಆಮೇಲೆ ಸುರುಳಿ ಸುತ್ತುತ್ತಿದ್ದವರನ್ನು ನಾಚಿಕೆ ಬಿಟ್ಟು ಕೇಳಿದೆ. ಕೊಡಲು ಒಪ್ಪಲಿಲ್ಲ, ಕ್ಲಿನಿಕ್ಕಿನಲ್ಲಿ ಹಾಕಿರುತ್ತೇನೆ, ಯಾವಾಗ ಬೇಕಾದರೂ ಬಂದು ನೋಡಿ ಎಂದರು. ಇನ್ನೊಬ್ಬರ ಗೋಡೆಯ ಮೇಲೆ ಅದನ್ನು ನೋಡುವುದಕ್ಕಿಂತ ನೋಡದೆ ಇರುವುದೇ ವಾಸಿ. ಕಪ್ಪೆಗೆ ದುಡ್ಡು ಕೊಟ್ಟು ಹೊರಗೆ ಬಂದೆ.

ಮರುದಿನ ಸಂಜೆ ಓರಗಿತ್ತಿ ಅತ್ತೆಯನ್ನೂ ಕರೆದುಕೊಂಡು ಮನೆಗೆ ಬಂದಳು. ಕಂಕುಳಲ್ಲಿ ಹಳೆಯ ಹೊದಿಕೆಯಲ್ಲಿ ಸುತ್ತಿದ ಚೌಕಟ್ಟು. ಬಿಚ್ಚಿದರೆ, ಅವಳ ಕಪ್ಪೆ ದರ್ಜಿ.

"ನಿಮಗೂ ಕಪ್ಪೆ ಇಷ್ಟ ಅಂತ ನನಗೆ ಗೊತ್ತೇ ಇರ್ಲಿಲ್ಲ ಅಕ್ಕ," ಎಂದಳು. "ನಿನ್ನೆ ಅದೆಷ್ಟು ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ರಿ. ಮೊದಲೇ ಹೇಳಿದ್ರೆ ಎಂದೋ ತಂದು ಕೊಡ್ತಿದ್ದೆ. ಜೋಡಿ ನಿಮ್ಮನೇಲೇ ಇರ್ಲಿ."

ಬೇಡವೆಂದೆ. ಬೇಡವೆಂದಷ್ಟೂ ಅವಳು ಒತ್ತಾಯ ಮಾಡಿದಳು. ಅತ್ತೆ ಕಣ್ಣು ಒರೆಸಿಕೊಂಡರು. ನನ್ನ ಗಂಡ, ಒಂದು ಬಲ್ಬು ಬದಲಾಯಿಸಲು ತಿಂಗಳು ತೆಗೆದುಕೊಳ್ಳುವ ಮನುಷ್ಯ, ಆಗಿಂದಾಗಲೇ ಸುತ್ತಿಗೆ ಹಿಡಿದು ಕುರ್ಚಿ ಹತ್ತಿದರು.

ಈಗ ಎರಡೂ ಕಪ್ಪೆಗಳು ನನ್ನ ಮನೆಯ ಗೋಡೆಯಲ್ಲಿವೆ. ಬಂದವರು ಚೆನ್ನಾಗಿದೆ ಎಂದು ಹೇಳಿ ಟೀ ಕುಡಿಯುತ್ತಾರೆ. ಓರಗಿತ್ತಿಯ ಗೋಡೆಯಲ್ಲಿ ಉಳಿದಿರುವುದು ಬರೀ ಮೊಳೆ. ಅಲ್ಲಿಗೆ ಹೋದವರು ಇಲ್ಲೇನಿತ್ತು ಎಂದು ಕೇಳುತ್ತಾರೆ, ಅತ್ತೆ ಕುರ್ಚಿ ಎಳೆದುಕೊಂಡು ಚಿಕ್ಕ ಸೊಸೆಯ ದೊಡ್ಡ ಮನಸ್ಸಿನ ಕಥೆಯನ್ನು ಮೊದಲಿಂದ ಶುರುಮಾಡುತ್ತಾರೆ. ಮುಗಿಯುವ ಹೊತ್ತಿಗೆ ಎಲ್ಲರೂ ಆ ಮೊಳೆಯನ್ನೇ ನೋಡುತ್ತಿರುತ್ತಾರೆ. ನಾನೂ ನೋಡುತ್ತೇನೆ.

ಈಗ ನನಗೆ ಬೇಕಾಗಿರುವುದು ಆ ಮೊಳೆ.