ಎಮ್ಮೆ ಚರ್ಮದ ಪೌಚು

ಹೊನ್ನಯ್ಯನ ಹೆಣಕ್ಕೆ ನೀರು ಹುಯ್ಯುತ್ತಿದ್ದ ಕೆಂಪಸಿದ್ದಯ್ಯನ ಕೈ ಬಲ ಸೊಂಟದ ಹತ್ತಿರ ನಿಂತಿತು. ಅಲ್ಲಿ ಅಂಗೈಯಗಲ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು.

“ಇದೇನ್ ಚಿಕ್ಕಪ್ಪ?” ಬಿಂದಿಗೆ ಹಿಡಿದಿದ್ದ ಹೊನ್ನಯ್ಯನ ಮಗಳು ಚಂದನ ಕೇಳಿದಳು.

“ಪಿಸ್ತೂಲಿನ ಪೌಚು ಉಜ್ಜಿ ಉಜ್ಜಿ ಆಗಿದ್ದು ಕಣವ್ವ. ಎಮ್ಮೆ ಚರ್ಮದ್ದು.”

“ಬೇರೆ ಪೊಲೀಸ್ನೋರೆಲ್ಲ ಅಗುರವಾದ್ದು ಆಕ್ಕತಿದ್ರಲ್ಲ?”

ಹೊನ್ನಯ್ಯನ ಜೊತೆಗೇ ಪೊಲೀಸು ಸೇರಿದ್ದ ಕೆಂಪಸಿದ್ದಯ್ಯ, ಹೊನ್ನಯ್ಯನ ಹೆಂಡತಿ ಹೊಂಬಾಳಮ್ಮನ ಕಡೆ ನೋಡಿದ.

“ಏಳ್ಬುಡಣ್ಣ,” ಎಂದಳು ಅವಳು. “ಇನ್ನೇನ್ ಮುಚ್ಚಿಡದು.”

*

ಆಗ ಹೊನ್ನಯ್ಯ ಮಂಡ್ಯದ ಮುಖಂಡರೊಬ್ಬರಿಗೆ ಗನ್‌ಮ್ಯಾನ್. ಸೊಂಟಕ್ಕೆ ರೆಕ್ಸಿನ್ ಪೌಚು. ಪಿಸ್ತೂಲು ತಟ್ಟನೆ ಕೈಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಮನೆಗೆ ಬಂದು ಉಂಡವನು ಚಾಪೆಯ ಮೇಲೆ ಹಾಗೇ ಒರಗಿದ. ಕಣ್ಣುಬಿಟ್ಟಾಗ, ಸಡಿಲವಾಗಿದ್ದ ಪೌಚಿನಿಂದ ಜಾರಿದ ಪಿಸ್ತೂಲು ಇನ್ನೂ ಮಾತು ಬಾರದ ಚಂದನಳ ಕೈಯಲ್ಲಿತ್ತು. ಕೂಸು ಅದರ ನಳಿಗೆಯನ್ನು ಚೀಪುತ್ತಿತ್ತು.

ಮಾರನೆಯ ದಿನವೇ ಮದ್ದೂರಿಗೆ, ಚಲುವರಾಜುವಿನ ಚರ್ಮದಂಗಡಿಗೆ ಹೋದ. ಚಲುವರಾಜು ತೋರಿಸಿದ ಕ್ಯಾನ್ವಾಸನ್ನು ಹಿಂಡಿ ನೋಡಿ, “ನೆಂದ್ರೆ ಮೆತ್ತಗಾಯ್ತದೆ,” ಎಂದು ಪಕ್ಕಕ್ಕಿಟ್ಟ. ಪ್ಲಾಸ್ಟಿಕ್ಕಿನದಕ್ಕೆ ಮೇಲ್ಮುಚ್ಚಳವೇ ಇರಲಿಲ್ಲ. ಕೊನೆಗೆ ದಪ್ಪ ಎಮ್ಮೆ ಚರ್ಮವನ್ನು ಹೆಬ್ಬೆರಳಿಂದ ಒತ್ತಿದ, ಅದು ತಗ್ಗಲಿಲ್ಲ.

“ಟ್ರಿಗರು ಪೂರಾ ಮುಚ್ಕಬೇಕು. ಮ್ಯಾಲೊಂದು ಮುಚ್ಚಳ, ಅದಕ್ಕೊಂದು ಗುಂಡಿ.”

“ಈಚೆಗೆ ತೆಗಿಯದು ತಡ ಆಯ್ತದೆ ಕಣಣ್ಣ.”

“ಆಗ್ಲಿ.”

ಮುಖಂಡರಿಗೆ ಆ ತಡ ಹಿಡಿಸಲಿಲ್ಲ. “ನನ್ ಮೇಲೆ ಯಾರಾದ್ರೂ ಬಿದ್ರೆ ನೀನು ಗುಂಡಿ ಬಿಚ್ತಾ ಕೂತಿರ್ತೀಯೇನಯ್ಯ?” ಎಂದರು. ಸ್ವಲ್ಪ ದಿನಕ್ಕೇ ಮಳವಳ್ಳಿ ಠಾಣೆಗೆ ವರ್ಗವಾಯಿತು. ಪುಕ್ಕಲ ಎಂಬ ಹೆಸರೂ ಹಿಂದೆಯೇ ಬಂತು. ಹೆಂಡತಿಗೆ, ಕೆಂಪಸಿದ್ದಯ್ಯನಿಗೆ ಬಿಟ್ಟರೆ ಹೊನ್ನಯ್ಯ ಇನ್ಯಾರಿಗೂ ಕಾರಣ ಹೇಳಲಿಲ್ಲ. ಹೇಳಿದರೆ ಒಂದಲ್ಲ ಒಂದು ದಿನ ಅದು ಮಗಳ ಕಿವಿಗೆ ಬೀಳುತ್ತಿತ್ತು.

*

ಚಂದನ ಬಿಂದಿಗೆ ಕೆಳಗಿಟ್ಟು, ಆ ಜಡ್ಡಿನ ಮೇಲೆ ಒದ್ದೆ ಅಂಗೈ ಇಟ್ಟುಕೊಂಡು ಕೂತಳು. ಕೆಂಪಸಿದ್ದಯ್ಯ ಬೇರೆ ಕಡೆ ತಿರುಗಿ ನಿಂತ.

ಕೊಕ್ಕರೆ ಬೆಳ್ಳೂರಿನ ಅಂಚಿನ ಅವರ ಹೊಲದಲ್ಲಿ, ಹುಣಸೆಮರದ ಪಕ್ಕ ಕುಣಿ ತೋಡಿದ್ದರು. ಕೆಲಸದಲ್ಲಿರುವಾಗಲೇ ತೀರಿಕೊಂಡವನೆಂದು ಇಲಾಖೆಯವರು ಗೌರವ ಸಲ್ಲಿಸಲು ಬಂದಿದ್ದರು. ಪೇದೆಗಳು ಸಾಲಾಗಿ ನಿಂತು ರೈಫಲ್ಲುಗಳನ್ನು ಆಕಾಶಕ್ಕೆ ಎತ್ತಿದಾಗ, ಚಂದನ ಇನ್ಸ್‌ಪೆಕ್ಟರ ಹತ್ತಿರ ಹೋದಳು.

“ಗುಂಡು ಆರಿಸ್ಬೇಡಿ ಸಾರ್. ಮರದ್ ತುಂಬ ಕೊಕ್ಕರೆ ಮರಿಗಳವೆ.”

ಇನ್ಸ್‌ಪೆಕ್ಟರು ಕತ್ತೆತ್ತಿ ಹುಣಸೆಮರ ನೋಡಿದರು. ತಲೆಯಾಡಿಸಿದರು. ರೈಫಲ್ಲುಗಳು ಒಂದೊಂದಾಗಿ ಕೆಳಗಿಳಿದವು. ಮಣ್ಣು ಬೀಳುವ ಸದ್ದಷ್ಟೇ ಕೇಳುತ್ತಿತ್ತು. ಮೇಲೆ, ಉರಿಬಿಸಿಲಿನಲ್ಲಿ, ಕೊಕ್ಕರೆಯೊಂದು ಎರಡೂ ರೆಕ್ಕೆ ಬಿಚ್ಚಿ ತನ್ನ ಮರಿಗಳಿಗೆ ನೆರಳು ಹಿಡಿದು ನಿಂತಿತ್ತು.