ಉಪಗ್ರಹದ ಹೊದಿಕೆ ಹೊಲಿದವರು

ಸೂಜಿಯಕ್ಕ ಎಂಬುದು ಆಕೆಗೆ ಕಾರ್ಖಾನೆಯಲ್ಲಿ ಬಿದ್ದ ಹೆಸರು. ಕೈಯಲ್ಲಿ ಸದಾ ಸೂಜಿ ಇರುತ್ತಿತ್ತು ಎಂಬುದು ಅರ್ಧ ಕಾರಣ, ಮಿಕ್ಕರ್ಧ ನಾಲಿಗೆಯದು. ಇಪ್ಪತ್ತಾರು ವರ್ಷ ಉಪಗ್ರಹಗಳಿಗೆ ಹೊದಿಕೆ ಹೊಲಿದು ನಿವೃತ್ತಳಾದರೂ ಮನೆಯಲ್ಲಿ ಅದನ್ನು ಯಾರೂ ಪೂರ್ತಿ ನಂಬಿರಲಿಲ್ಲ. "ನಮ್ಮಮ್ಮ ಆಕಾಶಕ್ಕೇ ತೇಪೆ ಹಾಕಿದವಳು" ಎಂದು ಮಗ ನೆಂಟರೆದುರು ನಗಾಡುತ್ತಿದ್ದ.

ಊರಾಚೆ ಹೊಸದಾಗಿ ಬಾಹ್ಯಾಕಾಶ ವಿಜ್ಞಾನ ಕೇಂದ್ರ ತೆರೆದಾಗ ಸೊಸೆ ಒಂದು ದಿನ ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಹೋದಳು. ಸೊಸೆ ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು, ಮೆತ್ತಗಿನ ಮಾತಿನವಳು. ತಾರಾಲಯದ ಗುಮ್ಮಟದಡಿ ಕುರ್ಚಿ ತಟ್ಟನೆ ಹಿಂದಕ್ಕೆ ವಾಲಿ ಸೂಜಿಯಕ್ಕ "ಅಯ್ಯಯ್ಯೋ" ಎಂದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪಕ್ಕದ ಕೋಣೆಗೆ ಬಂದರು.

ಅಲ್ಲಿ, ಹಗ್ಗದ ಬೇಲಿಯೊಳಗೆ, ಬಂಗಾರದ ಬಣ್ಣದ ಹೊದಿಕೆ ತೊಟ್ಟ ಉಪಗ್ರಹವೊಂದು ನಿಂತಿತ್ತು. ಸೂಜಿಯಕ್ಕನ ಹೆಜ್ಜೆ ಅಲ್ಲೇ ನಿಂತಿತು. ಮೈಕು ಹಿಡಿದ ಮಾರ್ಗದರ್ಶಿ ಜನರಿಗೆ ವಿವರಿಸುತ್ತಿದ್ದ: "ಇಂಥ ಹೊದಿಕೆಯನ್ನೆಲ್ಲ ಯಂತ್ರಗಳೇ ಮಾಡ್ತವೆ. ಮನುಷ್ಯರ ಕೈ ತಾಗೋದೇ ಇಲ್ಲ."

"ಯಾರಪ್ಪ ಹೇಳಿದ್ದು ನಿಂಗೆ?"

"ಪ್ರಶ್ನೆ ಇದ್ರೆ ಕೊನೇಲಿ ಕೇಳಿ ಅಜ್ಜಿ."

"ಇದು ಪ್ರಶ್ನೆ ಅಲ್ಲ, ಉತ್ತರ. ಇದನ್ನ ಹೊಲಿದೋಳೇ ನಾನು. ಇಪ್ಪತ್ತು ಪದರ ಇದೆ ಇದ್ರಲ್ಲಿ, ಒಂದೊಂದೂ ಈರುಳ್ಳಿ ಸಿಪ್ಪೆಗಿಂತ ತೆಳು. ಸೂಜಿ ತೂತಿನಿಂದ ಶಾಖ ಸೋರುತ್ತೆ ಅಂತ ಹೊಲಿಗೆ ಎಣಿಸಿ ಹಾಕಬೇಕಿತ್ತು. ಒಂದು ಕೂದಲು ಬಿದ್ರೂ ಎಲ್ಲಾ ಬಿಚ್ಚು ಅನ್ನೋರು. ಯಂತ್ರ ಅಂತೆ ಯಂತ್ರ!"

ಸೊಸೆ ಮೊಣಕೈ ಜಗ್ಗಿದಳು. "ಹೋಗ್ಲಿ ಬಿಡಿ ಅತ್ತೆ, ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ನೋಡೋಕೆ ತಾನೇ ಬಂದಿರೋದು?" ಎಂದವಳೇ ಹಗ್ಗ ಎತ್ತಿ ಒಳಗೆ ಕಾಲಿಟ್ಟಳು. ಕಾವಲುಗಾರ ಓಡಿ ಬಂದ. ಗದ್ದಲ ಕೇಳಿ ಕೇಂದ್ರದ ನಿರ್ದೇಶಕರೂ ಮಹಡಿಯಿಂದ ಇಳಿದು ಬಂದರು. ಮಾತು ಕೇಳಿಸಿಕೊಂಡು, "ನೀವೇ ಹೊಲಿದದ್ದು ಅನ್ನೋಕೆ ಏನಮ್ಮ ಸಾಕ್ಷಿ?" ಎಂದರು.

ಸೂಜಿಯಕ್ಕನ ಬಳಿ ಸಾಕ್ಷಿ ಇತ್ತು. ಇಷ್ಟು ವರ್ಷ ಮನೆಯಲ್ಲೂ ಬಾಯಿಬಿಡದ ಸಂಗತಿ ಅದು.

"ಎಡಗಡೆ ಕೆಳಮೂಲೇಲಿ ಹೊದಿಕೆ ಮಡಿಕೆ ಎತ್ತಿ ನೋಡಿ. ದಾರ ಇಲ್ಲದ ಮೂರು ತೂತು ಇರುತ್ತೆ. ತಪ್ಪು ಹೊಲಿಗೆ ಹಾಕಿ ಬಿಚ್ಚಿದ್ದೆ. ಅದಕ್ಕೇ ಇದನ್ನ ಮೇಲಕ್ಕೆ ಕಳಿಸದೆ ಪರೀಕ್ಷೆಗೆ ಇಟ್ಕೊಂಡ್ರು. ಅವತ್ತು ಮೂಲೇಲಿ ಕೂತು ಅತ್ತಿದ್ದೆ."

ಆಗ ಸೊಸೆ ಮುಂದೆ ಬಂದಳು. "ಕೈಗವಸು ಕೊಡಿ, ನಾನು ನೋಡ್ತೀನಿ" ಎಂದು ಮಂಡಿಯೂರಿ, ರೋಗಿಯ ರೆಪ್ಪೆ ಎತ್ತುವಷ್ಟೇ ಹಗುರಾಗಿ ಮಡಿಕೆ ಎತ್ತಿ ಟಾರ್ಚು ಬಿಟ್ಟಳು.

"ಒಂದು... ಎರಡು... ಅತ್ತೆ, ಮೂರೂ ಇದೆ!" ಎಂದು ಆಕೆ ಕೂಗಿದ್ದು ಇಡೀ ಕೋಣೆಗೆ ಕೇಳಿತು.

ನಿರ್ದೇಶಕರ ಮುಖ ಅರಳಿತು. ಒಂದು ಫೋಟೋ ತೆಗೆಸೋಣ, ನೆನಪಿಗೆ ಕೇಂದ್ರದ ಟೋಪಿ ಕೊಡೋಣ ಎಂದರು.

"ಟೋಪಿ ಹಾಕಿಸ್ಕೊಳ್ಳೋ ವಯಸ್ಸು ದಾಟ್ತು. ಇದನ್ನ ಹೊಲಿದೋರು ನಾವು ಹನ್ನೊಂದು ಜನ ಹೆಂಗಸರು. ಎಲ್ಲರ ಹೆಸರೂ ಇಲ್ಲಿ ಹಾಕಿ."

"ಅದಕ್ಕೆ ಮುಖ್ಯ ಕಚೇರಿ ಒಪ್ಪಿಗೆ ಬೇಕಮ್ಮ. ಅರ್ಜಿ ಕೊಡಿ, ಒಂದಾರು ತಿಂಗಳಲ್ಲಿ..."

"ನಾಲ್ಕು ಜನ ಆಗಲೇ ತೀರಿಕೊಂಡಿದ್ದಾರೆ. ಇನ್ನೆಷ್ಟು ಜನ ಹೋಗೋವರೆಗೂ ಕಾಯಿಸ್ತೀರಿ?" ಎಂದು ಸೂಜಿಯಕ್ಕ ಕಾವಲುಗಾರನ ಕುರ್ಚಿ ಎಳೆದುಕೊಂಡು ಹಗ್ಗದ ಪಕ್ಕ ಕೂತುಬಿಟ್ಟಳು.

ಆಮೇಲೆ ಬಂದ ಪ್ರತಿ ಗುಂಪಿಗೂ ಆಕೆಯದೇ ವಿವರಣೆ. ಜನ ರಾಕೆಟ್ಟಿನ ಕೋಣೆಗೆ ಹೋಗುವುದನ್ನೇ ಮರೆತು ಕಿಕ್ಕಿರಿದರು. ಮಾರ್ಗದರ್ಶಿ ಮೈಕು ಆರಿಸಿ ಹತ್ತಿರ ಬಂದು, "ಎಷ್ಟು ಪದರ ಅಂದ್ರಿ?" ಎಂದು ಮೆಲ್ಲಗೆ ಕೇಳಿದ. "ಇಪ್ಪತ್ತು. ಬರ್ಕೋ." ಈ ನಡುವೆ ಸೊಸೆ ಹನ್ನೊಂದು ಹೆಸರನ್ನೂ ಕೇಳಿ ಕೇಳಿ ಬರೆದು ಮಹಡಿಗೆ ಹೋಗಿ ನಿರ್ದೇಶಕರಿಗೆ ಕೊಟ್ಟು ಬಂದಿದ್ದಳು.

ನಾಲ್ಕು ಗಂಟೆಗೆ ನಿರ್ದೇಶಕರು, "ಸದ್ಯಕ್ಕೆ ಇದನ್ನ ಅಂಟಿಸೋಣ, ಒಪ್ಪಿಗೆ ಆಮೇಲೆ ನೋಡ್ಕೊಳ್ಳೋಣ" ಎನ್ನುತ್ತ ಹೆಸರುಗಳ ಒಂದು ಹಾಳೆ ಹಿಡಿದು ಬಂದರು. ಮೇಲೆ ದಪ್ಪಕ್ಷರದಲ್ಲಿ "ಹೊದಿಕೆ ತಯಾರಿಕೆಗೆ ನೆರವಾದವರು" ಎಂದಿತ್ತು. ಸೂಜಿಯಕ್ಕ ಸೊಸೆಯ ಪೆನ್ನು ಇಸಿದುಕೊಂಡು ಅಷ್ಟನ್ನೂ ಹೊಡೆದುಹಾಕಿ "ಹೊದಿಕೆ ಹೊಲಿದವರು" ಎಂದು ಬರೆದಳು.

"ಗೀಚಿದ ಹಾಳೆ ಅಂಟಿಸೋಕಾಗಲ್ಲಮ್ಮ."

"ಹಾಗಾದ್ರೆ ಇನ್ನೊಂದು ಪ್ರಿಂಟ್ ತೆಗೀರಿ. ನಂಗೇನೂ ಅವಸರ ಇಲ್ಲ."

ನೀವಾದರೂ ಹೇಳಿ ಎಂಬಂತೆ ನಿರ್ದೇಶಕರು ಸೊಸೆಯ ಕಡೆ ನೋಡಿದರು. ಸೊಸೆ ಇನ್ನೊಂದು ಕುರ್ಚಿ ಎಳೆದು ಅತ್ತೆಯ ಪಕ್ಕದಲ್ಲಿ ಕೂತಳು.

ನಿರ್ದೇಶಕರು ಗೀಚಿದ ಹಾಳೆ ಹಿಡಿದು ಮತ್ತೆ ಮಹಡಿ ಹತ್ತಿದರು. ಹೊಸ ಹಾಳೆ ಬಂದಾಗ ಅಂಟಿಸಲು ಹೊರಟ ಮಾರ್ಗದರ್ಶಿಯನ್ನು ಸೂಜಿಯಕ್ಕ ತಡೆದಳು. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು, ಹನ್ನೊಂದನ್ನೂ ಜೋರಾಗಿ ಓದಿ ಮುಗಿಸಿದ ಮೇಲೇ, "ಹೂಂ, ಈಗ ಅಂಟಿಸು" ಎಂದಳು.