ಡಿಸ್ಕಿಲ್ಲದ ರಿಪೇರಿ

ಹೊಗಳುವ ವಿಷಯದಲ್ಲಿ ಗಡಿಯಾರ ರಿಪೇರಿಯ ಮಾವನಷ್ಟು ಜಿಪುಣರು ಇನ್ನೊಬ್ಬರಿರಲಿಲ್ಲ. ಸೊಸೆ ಎಂಟು ವರ್ಷ ಅವರ ಅಂಗಡಿಯಲ್ಲಿ, ಪಕ್ಕದ ಸ್ಟೂಲಿನ ಮೇಲೆ ಕೂತು ಗಡಿಯಾರ ಬಿಚ್ಚಿ ಜೋಡಿಸಿದ್ದಳು. "ಪರವಾಗಿಲ್ಲ" ಎನ್ನುವುದಕ್ಕಿಂತ ದೊಡ್ಡ ಮಾತು ಅವರಿಂದ ಒಂದು ದಿನವೂ ಬಂದಿರಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರಿ ನಷ್ಟವಾದೀತು ಎಂಬ ಭಯವೋ ಏನೋ.

ಆ ಅಂಗಡಿ ಮುಚ್ಚಿ ವರ್ಷವಾಗಿತ್ತು. ಈಗ ಕಾಲೇಜಿನ ಪ್ರಯೋಗಾಲಯದಲ್ಲಿ ಉಪಕರಣ ರಿಪೇರಿಯ ಕೆಲಸವೊಂದು ಖಾಲಿಯಿತ್ತು. ಹಿಂದಿನ ಯಜಮಾನರ ಅನುಭವ ಪತ್ರ ಬೇಕು. ಅದೂ ಕಾಲೇಜು ಕಳಿಸಿದ ನಮೂನೆಯಲ್ಲೇ ತುಂಬಿ, ಭಾನುವಾರ ಸಂಜೆ ಐದರೊಳಗೆ ಇಮೇಲ್ ಮಾಡಬೇಕು. ಯಜಮಾನರೆಂದರೆ ಮಾವನೇ. ಸೊಸೆಗೆ ಆ ಕೆಲಸ ಬೇಕೇ ಬೇಕಿತ್ತು. ಸ್ಕ್ರೂಡ್ರೈವರ್ ಹಿಡಿಯದೆ ಅವಳ ಕೈ ಚಡಪಡಿಸುತ್ತಿತ್ತು.

ಭಾನುವಾರ ಮೂರು ಗಂಟೆಗೆ ನಮೂನೆ ತೆರೆಯಲು ಹೋದರೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೈಕೊಟ್ಟಿತು. ಆಫೀಸ್ ಸಾಫ್ಟ್‌ವೇರಿನ ಒಂದು ಫೈಲು ಕಾಣೆಯಾಗಿದೆ, ಇನ್‌ಸ್ಟಾಲೇಷನ್ ಡಿಸ್ಕ್ ಹಾಕಿ ಎಂದು ಪರದೆಯ ಮೇಲೆ ಚೌಕವೊಂದು ಮೂಡಿತು. ಮಾರಿದವನು ಚಾರ್ಜರ್ ಕೊಟ್ಟಿದ್ದೇ ದೊಡ್ಡದು, ಡಿಸ್ಕ್ ಎಲ್ಲಿಂದ ಬರಬೇಕು? ಟೈಪಿಂಗ್ ಅಂಗಡಿಗಳಿಗೆಲ್ಲ ರಜೆ. ಫೋನಿನಲ್ಲಿ ಸಿಕ್ಕ ಕಂಪ್ಯೂಟರ್ ರಿಪೇರಿಯವನು, "ಡಿಸ್ಕ್ ಇಲ್ದೆ ಆಗಲ್ಲ, ನಾಳೆ ತನ್ನಿ, ಎರಡು ದಿನ ಬೇಕು" ಎಂದು ಇಟ್ಟುಬಿಟ್ಟ.

"ಬಿಡು, ಇನ್ನೊಂದು ಕೆಲಸ ನೋಡಿದ್ರಾಯ್ತು" ಎಂದರು ಮಾವ.

"ಸ್ಕ್ರೂ ಕಳೆದ್ರೆ ನೆಲ ಗುಡಿಸೋ ಮೊದ್ಲು ಗಡಿಯಾರದ ಹೊಟ್ಟೇಲಿ ಹುಡುಕು ಅಂತ ನೀವೇ ಬೈತಿದ್ರಲ್ಲ" ಎಂದಳು ಸೊಸೆ ತಲೆ ಎತ್ತದೆ. "ಲ್ಯಾಪ್‌ಟಾಪಿನ ಹಿಂದಿನವರು ಈ ಸಾಫ್ಟ್‌ವೇರ್ ಹಾಕ್ದಾಗ ಡಿಸ್ಕಿನ ನಕಲೊಂದು ಒಳಗೇ ಉಳಿದಿರಬಹುದು. ಬಚ್ಚಿಟ್ಟಿರುತ್ತೆ, ಅಷ್ಟೆ."

ಅಡಗಿದ ಫೋಲ್ಡರುಗಳೆಲ್ಲ ಕಾಣುವಂತೆ ಮಾಡಿ, ಒಂದೊಂದಾಗಿ ತೆರೆದಳು. ತೆರೆದದ್ದನ್ನೆಲ್ಲ ಕಾಗದದಲ್ಲಿ ಗುರುತು ಹಾಕಿಕೊಂಡಳು. ಮಾವ ಇದನ್ನು ಕಲಿಸಿರಲಿಲ್ಲ. ಅವರಿಗೇ ಆ ಅಭ್ಯಾಸವಿರಲಿಲ್ಲ. ಅದಕ್ಕೇ ಅವರು ಜೋಡಿಸಿದ ಮೇಲೆ ಆಗಾಗ ಒಂದೆರಡು ಸ್ಕ್ರೂ ಮಿಗುತ್ತಿದ್ದವು.

ನಾಲ್ಕೂಕಾಲಿಗೆ ನಕಲು ಸಿಕ್ಕಿತು. ಡಿಸ್ಕ್ ಕೇಳುತ್ತಿದ್ದ ಚೌಕಕ್ಕೆ ಆ ಫೋಲ್ಡರಿನ ದಾರಿ ತೋರಿಸಿದಳು. ಹಸಿರು ಪಟ್ಟಿ ಆಮೆಯಂತೆ ತೆವಳಿ ಅರ್ಧದಲ್ಲಿ ನಿಂತಿತು. ಮಾವನ ಉಸಿರೂ ನಿಂತಿತು. ಪಟ್ಟಿ ಮತ್ತೆ ಹೊರಟಿತು. ನಮೂನೆ ತೆರೆದಾಗ ಐದಕ್ಕೆ ಹದಿನೈದು ನಿಮಿಷವಿತ್ತು.

"ಬೇಗ ಹೇಳಿ ಮಾವ. ಎಂಟು ವರ್ಷ ಅಂತ ಹಾಕಿದೀನಿ. ಕೆಲಸದ ಬಗ್ಗೆ ಅಭಿಪ್ರಾಯ ಅನ್ನೋ ಕಡೆ ತೃಪ್ತಿಕರ ಅಂತ ಬರೀಲಾ?"

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷ ಹೇಳಬೇಕಾದದ್ದನ್ನು ಹೇಳದೆ ಉಳಿಸಿಕೊಂಡಿದ್ದಕ್ಕೆ ಅವರಿಗೆ ನಾಚಿಕೆಯಾಯಿತು.

"ಬೇಡ. ಈಕೆ ನನಗಿಂತ ಚೆನ್ನಾಗಿ ರಿಪೇರಿ ಮಾಡುತ್ತಾಳೆ ಅಂತ ಬರಿ."

ಸೊಸೆಯ ಬೆರಳುಗಳು ಕೀಲಿಗಳ ಮೇಲೆ ನಿಂತವು. "ಕೆಲಸ ಸಿಗ್ಲಿ ಅಂತ ಹೇಳ್ತಿದೀರಾ ಮಾವ?"

"ನನ್ನ ಹೆಸರಿರೋ ಕಾಗದದಲ್ಲಿ ಸುಳ್ಳು ಬರೆಸ್ತೀನಾ? ಟೈಪ್ ಮಾಡಮ್ಮ, ಟೈಮ್ ಆಗ್ತಿದೆ."

ಅವಳು ಟೈಪು ಮಾಡಿದಳು. ಕಣ್ಣು ಮಂಜಾಗಿ ಎರಡು ಕಡೆ ಅಕ್ಷರ ತಪ್ಪಿತು. ತಿದ್ದಿ, ಐದಕ್ಕೆ ನಾಲ್ಕು ನಿಮಿಷವಿರುವಾಗ ಕಳಿಸಿದಳು.